ಇಬ್ಬರ ಬಾಯಲ್ಲಿ ಕೇಳಬೇಕಾದ ಮಾತು

‘ಅಳಿ’ ಎಂದರೆ ಇಲ್ಲವಾಗು, ಉಳಿಯದೆ ಹೋಗು. ಅರ್ಥ ಬರೆಯುವುದೇನೂ ಕಷ್ಟವಲ್ಲ. ಅಡುಗೆಮನೆಯಲ್ಲಿ ಅಳಿದುಳಿದದ್ದನ್ನು ತಿನ್ನುವ ಯಾರಿಗಾದರೂ ಅದು ಗೊತ್ತು. ನಮ್ಮ ನಿಘಂಟಿನ ಕಚೇರಿಯಲ್ಲಿ ಮಾತ್ರ ಅದಕ್ಕೊಂದು ರಬ್ಬರ್ ಮೊಹರಿತ್ತು: ‘ಅಳಿದ ಪದ’. ಕಸುಬಿನ ಮಾತೊಂದನ್ನು ಇಬ್ಬರು ತಮ್ಮತಮ್ಮೊಳಗೆ ಆಡುವುದನ್ನು ನಾನು ಕಿವಿಯಾರೆ ಕೇಳಿ ಬರೆದುಕೊಂಡರೆ ಅದು ಬದುಕಿದಂತೆ. ಒಬ್ಬರೇ ಹೇಳಿದರೆ ಚೀಟಿಯ ಮೇಲೆ ಮೊಹರು ಬೀಳುತ್ತಿತ್ತು. ಈ ನಿಯಮ ಮಾಡಿದವಳೂ ನಾನೇ, ಇಪ್ಪತ್ತು ವರ್ಷ ಅದನ್ನು ಪಾಲಿಸಿ ಬೀಗಿದವಳೂ ನಾನೇ.

ಕೊಂಬಿನ ಬಾಚಣಿಗೆ ಮಾಡುವ ಅಣ್ಣತಮ್ಮಂದಿರ ಅಂಗಡಿ ಕಚೇರಿಯ ಹಿಂದಿನ ಬೀದಿಯಲ್ಲಿತ್ತು. ಆ ಕಸುಬಿನಲ್ಲಿ ಉಳಿದಿದ್ದವರು ಅವರಿಬ್ಬರೇ. ಅಣ್ಣನ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ದಿನಕ್ಕೆ ಸಾವಿರ ಹಲ್ಲು ಕೊರೆಯುತ್ತಿದ್ದರು. ಕೊರೆದು ಮುಗಿಸಿದವರು ‘ಹಲ್ಲು ಬಂತು’ ಎಂದು ಕೂಗಬೇಕು. ಉಜ್ಜಿ ಹೊಳಪು ಕೊಡುವವರು ‘ಮೈಗೆ ತಗೊಂಡೆ’ ಎಂದು ಕೈಚಾಚಬೇಕು. ಇಂಥ ನಲವತ್ತು ಮಾತು ಅವರಪ್ಪನ ಕಾಲದಿಂದ ಬಂದಿದ್ದವು. ಅವೆಲ್ಲ ಬಳಕೆಯ ಮಾತುಗಳಾಗಿಯೇ ನಿಘಂಟಿಗೆ ಸೇರಬೇಕೆಂದು ಅಣ್ಣನಿಗೆ ಬಲು ಆಸೆ.

ಆದರೆ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ. ತಮ್ಮ ಒಂದು ಪೆಟ್ಟಿಗೆ ಪ್ಲಾಸ್ಟಿಕ್ ಬಾಚಣಿಗೆ ತಂದು ಅಂಗಡಿಯಲ್ಲಿ ನೇತುಹಾಕಿದ್ದೇ ಕಾರಣ. ಅಂದಿನಿಂದ ಹನ್ನೊಂದು ವರ್ಷ ಒಂದೇ ಕೋಣೆಯಲ್ಲಿ, ಮೂರು ಮೊಳ ದೂರದಲ್ಲಿ, ಬೆನ್ನಿಗೆ ಬೆನ್ನು ಹಾಕಿ ಕೂತಿದ್ದರು. ನಡುವೆ ತಮ್ಮನ ಹೆಂಡತಿ ಓಡಾಡುತ್ತಿದ್ದಳು.

“ರೀ, ಹಲ್ಲು ಬಂತು ಅಂತಿದಾರೆ ಭಾವ.”

“ಮೈಗೆ ತಗೊಂಡ್ರಂತೆ, ಭಾವ.”

ಎಂಥ ಸುಡುಗಾಡು ಹಟವೋ ಏನೋ.

“ಒಂದೇ ಒಂದು ಬೆಳಗ್ಗೆ ಮಾತಾಡಿ ಯಜಮಾನ್ರೇ, ನಲವತ್ತನ್ನೂ ಬರ್ಕೊಂಡು ಹೋಗ್ತೀನಿ” ಎಂದೆ.

“ಅವನು ಚಿಕ್ಕೋನು. ಅವನೇ ಮೊದ್ಲು ಬಾಯಿ ಬಿಡ್ಲಿ” ಎಂದರು ಅಣ್ಣ.

“ಮಾತು ಬಿಟ್ಟಿದ್ದು ಅಣ್ಣ. ಅವನೇ ಕರೀಲಿ, ಓಡಿ ಬರ್ತೀನಿ” ಎಂದರು ತಮ್ಮ, ಬೇಕೆಂದೇ ದನಿ ಏರಿಸಿ. ಅಣ್ಣ ಗರಗಸದ ಸದ್ದು ಜೋರು ಮಾಡಿದರು.

“ನಂಗೂ ಇವೆಲ್ಲ ಬರ್ತವೆ ಅಮ್ಮಾ” ಎಂದು ತಮ್ಮನ ಹೆಂಡತಿ ಬಾಯಿ ಹಾಕಿದಳು. “ಕಸುಬಿನೋರು ಮಾತಾಡ್ಲಿ, ನೀವು ಸ್ವಲ್ಪ ಹೊರಗಿರಿ” ಎಂದು ನಾನು ಗದರಿಬಿಟ್ಟೆ. ನನ್ನ ಬಾಯಿಗಿಷ್ಟು ಮಣ್ಣು ಬೀಳ.

ತಿಂಗಳ ಕೊನೆಗೆ ಪುಸ್ತಕ ಅಚ್ಚಿಗೆ ಹೋಗಬೇಕಿತ್ತು. ಅದಕ್ಕೆ ನಾಲ್ಕು ದಿನ ಮೊದಲು ತಮ್ಮ, ಬಾಚಣಿಗೆ ಉಜ್ಜುತ್ತಿದ್ದವರು, ಕೂತಲ್ಲೇ ಹೋಗಿಬಿಟ್ಟರು. ಹಿಂದೆ ಗರಗಸ ಆಡುತ್ತಲೇ ಇತ್ತಂತೆ. ಅಣ್ಣನಿಗೆ ಗೊತ್ತಾಗಿದ್ದೇ ಅರ್ಧ ಗಂಟೆ ತಡವಾಗಿ.

ನಾನು ಹೋದಾಗ ಕೋಣೆಯ ನಡುವೆ ಮಲಗಿಸಿದ್ದರು. ಅಣ್ಣ ತಮ್ಮನ ಮುಖಕ್ಕೆ ಮುಖ ಕೊಟ್ಟು ಕೂತಿದ್ದರು. ಕೈಯಲ್ಲಿ ಆಗಷ್ಟೇ ಕೊರೆದ ಬಾಚಣಿಗೆ.

“ಹಲ್ಲು ಬಂತು ಕಣೋ” ಎಂದರು. ಕಾದರು. ಮತ್ತೆ ಅಂದರು. ನನ್ನ ಕೈ ತಾನಾಗಿ ಚೀಲದಲ್ಲಿದ್ದ ಚೀಟಿಗಳ ಕಡೆ ಹೋಯಿತು, ನಾಚಿಕೆಯಿಂದ ಸತ್ತಂತಾಯಿತು.

ಗಂಡನ ಕಾಲ ಬಳಿ ಕೂತಿದ್ದ ಆಕೆ ಎದ್ದು ಬಂದು ಬಾಚಣಿಗೆ ಈಸಿಕೊಂಡಳು. “ಮೈಗೆ ತಗೊಂಡೆ, ಭಾವ.”

ಅಣ್ಣ ಬೆಚ್ಚಿ ನೋಡಿದರು. ಆಮೇಲೆ ಮುಂದಿನ ಮಾತು ಹೇಳಿದರು. ಅದಕ್ಕೂ ಉತ್ತರ ಬಂತು. ಹೀಗೆ ನಲವತ್ತೂ ಆದವು, ಒಂದಕ್ಕೂ ಆಕೆ ತಡವರಿಸಲಿಲ್ಲ. ಹನ್ನೊಂದು ವರ್ಷ ಅವನ್ನು ಹೊತ್ತು ತಿರುಗಿದ ಬಾಯನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

“ಒಂದೂ ಅಳಿದಿಲ್ಲ, ಯಜಮಾನ್ರೇ. ಎಲ್ಲ ಸೇರಿಸ್ತೀನಿ” ಎಂದೆ. ಸಮಾಧಾನವಾದೀತು ಅಂದುಕೊಂಡಿದ್ದೆ.

ಆಕೆ ನನ್ನ ಕಡೆ ತಿರುಗಲೂ ಇಲ್ಲ. “ಇವರು ದಿನಾ ಕೇಳೋರು ಭಾವ, ‘ಇವತ್ತಾದ್ರೂ ಅಣ್ಣ ನನ್ನ ಹೆಸರು ಹಿಡಿದು ಕರೆದ್ನಾ’ ಅಂತ. ನಾನು ದಿನಾ ಇಲ್ಲ ಅಂತಿದ್ದೆ.”

ಅಣ್ಣ ಬಗ್ಗಿ ತಮ್ಮನ ಕಿವಿಯ ಹತ್ತಿರ ಅವನ ಹೆಸರು ಕರೆದರು, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ, ಅರ್ಧ ಹೆಸರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದಕ್ಕೆ ಓಗೊಡುವುದು ಅವಳ ಕೈಲೂ ಆಗಲಿಲ್ಲ.