ಹಿಂದಿನೋರ ಪಾಲು

ಮಾಮನ ಎಡಗೈಯ ಚರ್ಮ ಮಣಿಕಟ್ಟಿನಿಂದ ಮೊಣಕೈವರೆಗೆ ಬಾಣಲೆಯ ತಳದ ಹಾಗೆ ಕಪ್ಪಗೆ, ನುಣ್ಣಗೆ ಆಗಿತ್ತು. ಬಿಸಿ ದೋಸೆಯ ತಟ್ಟೆಗಳನ್ನು ಅಂಗೈಯಿಂದ ಮೇಲಕ್ಕೆ ಸಾಲಾಗಿ ಜೋಡಿಸಿಕೊಂಡು, ಬಲಗೈಯಲ್ಲಿ ಚಟ್ನಿ ಬಕೆಟ್ ಹಿಡಿದು, ಮೇಜುಗಳ ನಡುವೆ ಯಾರಿಗೂ ತಾಗದಂತೆ ಸರಿದು ಹೋಗುತ್ತಿದ್ದರು. ಸುಡುವುದಿಲ್ಲವೇ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. “ಸುಡೋ ಚರ್ಮ ಯಾವಾಗೋ ಹೋತು ಪುಟ್ಟಿ. ಈಗಿರೋದು ಹೋಟೆಲ್ಲಿಂದು” ಅಂದಿದ್ದರು.

ದಾವಣಗೆರೆಯ ಮಾರ್ಕೆಟ್ ಹತ್ತಿರದ ಆ ಹೋಟೆಲ್ಲಿಗೆ ಅವರು ಹಿರಿಯ ಸಪ್ಲೈಯರ್. ದಿನಾ ಹರಿಹರದಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ನನ್ನವ್ವ ಅದೇ ಹೋಟೆಲ್ಲಿನ ಹಿತ್ತಲಲ್ಲಿ ತಟ್ಟೆ ತೊಳೆಯುತ್ತಿದ್ದಳು. ಶಾಲೆ ಬಿಟ್ಟ ಮೇಲೆ ನಾನು ಆನೆಕೊಂಡದ ನಮ್ಮ ಮನೆಗೆ ಹೋಗದೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಓದುತ್ತಿದ್ದೆ. ಅವ್ವ ಅವರನ್ನು ಅಣ್ಣಾರೆ ಅನ್ನುತ್ತಿದ್ದುದರಿಂದ ನನಗೆ ಅವರು ಮಾಮ.

ಮಧ್ಯಾಹ್ನದ ಗದ್ದಲ ಇಳಿದ ಮೇಲೆ ಮಾಮ ಇಂಗಿನ ಹಳೇ ಡಬ್ಬಿಯೊಂದನ್ನು ಹಿಡಿದು ಹಿತ್ತಲಿಗೆ ಬರುತ್ತಿದ್ದರು. ಗಿರಾಕಿಗಳು ಕೊಟ್ಟ ಟಿಪ್ಸ್ ಎಲ್ಲ ಅದರಲ್ಲಿ. “ಹಿಂದಿನೋರು ಬರ್ರಿ!” ಅಂತ ಕೂಗಿದರೆ ರುಬ್ಬುವವರು, ಕಸ ಗುಡಿಸುವವರು, ಅವ್ವ, ಎಲ್ಲರೂ ಕೈ ಒರೆಸಿಕೊಂಡು ಬರಬೇಕು. ಸಪ್ಲೈಯರ್‌ಗಳಿಗೆ ಎಷ್ಟೋ ಹಿಂದಿನವರಿಗೂ ಅಷ್ಟೇ. ಬೇರೆ ಯಾವ ಹೋಟೆಲ್ಲಿನಲ್ಲೂ ಈ ಪದ್ಧತಿ ಇದ್ದುದನ್ನು ನಾನು ಕೇಳಿಲ್ಲ. ಇದು ಮಾಲೀಕರು ಮಾಡಿದ್ದಲ್ಲ, ಮಾಮ ತಾವೇ ಕಟ್ಟಿದ್ದು.

ಹೊಸದಾಗಿ ಸೇರಿದ್ದ ಸಪ್ಲೈಯರ್ ಒಬ್ಬ ಇದಕ್ಕೆ ತಕರಾರು ತೆಗೆದಿದ್ದ. “ಅಣ್ಣ, ಗಿರಾಕಿ ಹತ್ರ ಬೈಸಿಕೊಳ್ಳೋರು ನಾವು, ಓಡಾಡೋರು ನಾವು. ಇವರಿಗ್ಯಾಕ?”

“ಹೌದಲ್ಲ! ನಾಳೆ ನೀನು ಎಂಜಲು ತಟ್ಟೆಯಾಗೇ ದೋಸೆ ಹಾಕ್ಕೊಂಡು ಹೋಗಿ ಕೊಡು. ಎಷ್ಟು ಟಿಪ್ಸ್ ಬರ್ತೈತೆ ನೋಡಾನ” ಅಂದರು ಮಾಮ. ಹಿತ್ತಲೆಲ್ಲ ನಕ್ಕಿತು. ಆಮೇಲೆ ಮೆಲ್ಲಗೆ ಅಂದರು: “ತಿಂದೋರು ನಮ್ಮ ಮುಖ ನೋಡಿ ಕೊಡ್ತಾರೆ. ತಟ್ಟೆ ತೊಳೆದೋರ ಮುಖ ಅವರಿಗೆ ಕಾಣಂಗಿಲ್ಲ. ಕಾಣದಿದ್ರೆ ಪಾಲೂ ಇಲ್ಲೇನು?”

ಟಿಪ್ಸ್ ಕೊಡುವವರ ಬಗ್ಗೆ ಅವರದೇ ಲೆಕ್ಕಾಚಾರವಿತ್ತು. ಲೋಟದ ಕೆಳಗೆ ನೋಟು ಮುಚ್ಚಿಟ್ಟು ಹೋಗುವವರು ಮರ್ಯಾದಸ್ಥರಂತೆ. ನಾಲ್ಕು ಜನಕ್ಕೆ ಕಾಣುವಂತೆ ಎತ್ತಿ ಹಿಡಿದು ಕೊಡುವವರಿದ್ದರೆ, “ಅವರ ಮೇಜಿಗೆ ಮುಂದಿನ ಸಲ ನೀರು ಸ್ವಲ್ಪ ನಿಧಾನಕ್ಕೆ ಹೋಗ್ಲಿ” ಅನ್ನುತ್ತಿದ್ದರು.

ನಮ್ಮ ಮನೆತನದಲ್ಲಿ ನನಗಿಂತ ಮೊದಲು ಹೈಸ್ಕೂಲಿನ ಮೆಟ್ಟಿಲು ಹತ್ತಿದವರಿಲ್ಲ. ನಾನು ಕಾಲೇಜು ಸೇರಿದ್ದು ಆ ಪಾಲಿನಲ್ಲಿ. ಸೇರಿದ ಮೇಲೆ ಹಿತ್ತಲಿಗೆ ಹೋಗುವುದು ತಪ್ಪಿತು. ಸಂಬಳ ಬಾಡಿಗೆಗೆ, ಹೊಟ್ಟೆಗೆ. ಪಾಲು ನನ್ನ ಓದಿಗೆ ಅಂತ ಅವ್ವ ಮೊದಲೇ ಗೆರೆ ಕೊರೆದಿದ್ದಳು. ಫೀಸು ಕಟ್ಟಲು ಹೋದಾಗ ನೋಟುಗಳು ಇಂಗಿನ ವಾಸನೆ ಹೊಡೆಯುತ್ತಿದ್ದವು. ಕೌಂಟರಿನ ಗುಮಾಸ್ತರು ಮೂಗು ಸೊಟ್ಟ ಮಾಡಿ, “ಏನಮ್ಮ, ನೋಟಿಗೆ ಒಗ್ಗರಣೆ ಹಾಕಿ ತಂದಿದ್ದೀಯಾ?” ಅಂದಿದ್ದರು. ನನಗೆ ನಾಚಿಕೆಯಾಗಲಿಲ್ಲ. ಆ ವಾಸನೆ ನನಗೆ ಹೆಮ್ಮೆಯದಾಗಿತ್ತು.

ಬಿ.ಕಾಂ. ಮುಗಿಯಿತು. ಹರಿಹರದ ಒಂದು ಸೊಸೈಟಿಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳ ಬಂದ ವಾರ ನಾನು ಆ ಹೋಟೆಲ್ಲಿಗೆ ಹೋದೆ. ಅಷ್ಟು ವರ್ಷದಲ್ಲಿ ಮೊದಲ ಬಾರಿಗೆ, ಮುಂಬಾಗಿಲಿನಿಂದ. ಮಾಮ ಅರಳಿಬಿಟ್ಟರು. “ಬರ್ರಿ ಮೇಡಂ, ಫ್ಯಾನಿನ ಕೆಳಗೆ ಕೂಡ್ರಿ!” ಎಂದು ಮೇಜನ್ನು ಎರಡು ಸಲ ಒರೆಸಿದರು. ಕೇಳದೆಯೇ ದೋಸೆಗೆ ಇನ್ನೊಂದು ಚೂರು ಬೆಣ್ಣೆ ಹಾಕಿಸಿ ತಂದರು.

ಬಿಲ್ಲು ಕೊಟ್ಟ ಮೇಲೆ, “ಮಾಮ, ಡಬ್ಬಿ ಎಲ್ಲಿ? ಇವತ್ತು ನಾನೂ ಹಾಕ್ತೀನಿ” ಅಂದೆ.

“ಡಬ್ಬಿ ಕಾಲ ಎಲ್ಲೈತೆ ಈಗ? ಯಾರ ಹತ್ರ ಚಿಲ್ಲರೆ ಐತೆ? ಇದಕ್ಕೆ ಹಾಕು” ಎಂದು ತಮ್ಮ ಫೋನು ತೆಗೆದು ಮುಂದೆ ಹಿಡಿದರು. ಸ್ಕ್ಯಾನ್ ಮಾಡಿದೆ. ಕೈ ಬಿಚ್ಚಿಯೇ ಹಾಕಿದೆ. ಹಾಕಿ, ಖುಷಿ ತಡೆಯಲಾರದೆ ಹಿತ್ತಲಿಗೆ ಓಡಿದೆ.

“ಅವ್ವಾ, ಇವತ್ತು ನಿನ್ನ ಪಾಲು ಜೋರೈತೆ ನೋಡು!”

ಅವ್ವ ನಲ್ಲಿ ನಿಲ್ಲಿಸಿದಳು. “ಯಾವ ಪಾಲವ್ವ? ಫೋನಿಗೆ ಬರಾಕೆ ಶುರುವಾದ ಮ್ಯಾಲೆ ಹಿಂದಕ್ಕೆ ಏನೂ ಬರಂಗಿಲ್ಲ. ನೀನು ಕೊನೇ ವರ್ಷ ಓದೋವಾಗ್ಲೇ ನಿಂತೋತು.”

“ಮತ್ತೆ ಫೀಸು?”

ಅವ್ವ ಮತ್ತೆ ನಲ್ಲಿ ತಿರುಗಿಸಿದಳು. ಪಕ್ಕದಲ್ಲಿ ಅಕ್ಕಿ ತೊಳೆಯುತ್ತಿದ್ದ ಕೆಲಸದ ಅಜ್ಜಿಯೊಬ್ಬಳು ಹೇಳಿದಳು: “ಸರಸ್ವತಿ ನಗರದಾಗೆ ಎರಡು ಮನೆ ಪಾತ್ರೆ ಕೆಲಸ ಹಿಡಿದಿದ್ಲು ನಿಮ್ಮವ್ವ. ನಿನಗೆ ಹೇಳಬ್ಯಾಡ ಅಂದಿದ್ಲು.”

ಕೊನೆಯ ವರ್ಷದ ನೋಟುಗಳಿಗೆ ಇಂಗಿನ ವಾಸನೆ ಇರಲಿಲ್ಲ. ಅದು ನನಗೆ ಹೊಳೆದದ್ದು ಆಗ.

ವಾಪಸು ಒಳಗೆ ಹೋದೆ. ಮಾಮ ನಾನು ಕೂತಿದ್ದ ಮೇಜನ್ನೇ ಒರೆಸುತ್ತಿದ್ದರು. “ಹಿಂದಿನೋರ ಪಾಲು ಏನಾತು ಮಾಮ?”

ತಲೆ ಎತ್ತಲಿಲ್ಲ. “ಡಬ್ಬಿಗೆ ಬಿದ್ದಿದ್ದು ಎಲ್ಲಾರ್ದು. ಇದು ನನ್ನ ಹೆಸರಿಗೆ ಬರ್ತೈತಲ್ಲವ್ವ.”

“ಹೆಸರು ನಿಮ್ದು ಸರಿ. ತಟ್ಟೆ ಯಾರು ತೊಳೆದ್ರು?”

ಬಟ್ಟೆ ಹಿಂಡಿದರು. ಆಮೇಲೆ ಅಂದ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. “ನಿನ್ನ ಓದು ಮುಗೀತಲ್ಲ, ನೌಕರಿನೂ ಬಂತಲ್ಲ. ಇನ್ನ ನಿನಗ್ಯಾಕ ಈ ಉಸಾಬರಿ?”

ಬೇರೆ ಯಾರೇ ಆ ಪಾಲು ನುಂಗಿದ್ದರೂ ನಾನು ಇಷ್ಟು ನೋಯುತ್ತಿರಲಿಲ್ಲ. ಅದು ಹಕ್ಕು ಎಂದು ನನಗೆ ಹೇಳಿಕೊಟ್ಟವರೇ ಅವರು. ಯಾರೂ ಕೇಳದಿದ್ದಾಗ ಕೊಟ್ಟರು. ಕೇಳಿದ ದಿನ ಮೇಜು ಒರೆಸಿದರು. ಅದಾದ ಮೇಲೆ ನಾನು ಆ ಹೋಟೆಲ್ಲಿಗೆ ಹೋಗಲಿಲ್ಲ. ಅವ್ವನನ್ನೂ ಕೆಲಸ ಬಿಡಿಸಿದೆ.

ಹೋದ ವರ್ಷ ಹರಿಹರದಲ್ಲಿ ಮಾಮ ತೀರಿಕೊಂಡರು. ಅವ್ವ ಹೂವಿನ ಹಾರ ತಗೊಂಡು ಹೊರಟಳು. ನಾನು ಬರುವುದಿಲ್ಲ ಅಂದೆ. “ಅಷ್ಟು ವರ್ಷ ಕೊಟ್ಟಿದ್ದು ಕೊಟ್ಟಿದ್ದೇ ಅಲ್ಲೇನೇ?” ಎಂದು ಬೈದು ಒಬ್ಬಳೇ ಬಸ್ಸು ಹತ್ತಿದಳು. ಅವಳ ಮಾತು ನಿಜ. ಆದರೂ ನಾನು ಹೋಗಲಿಲ್ಲ.

ಆದರೆ ಒಂದು ಅಭ್ಯಾಸ ಬಿಡಲಾಗಿಲ್ಲ. ಯಾವ ಹೋಟೆಲ್ಲಿನಲ್ಲಿ ಉಂಡರೂ ಸಪ್ಲೈಯರ್‌ಗೆ ಕೊಟ್ಟ ಮೇಲೆ ಕೈ ತೊಳೆಯುವ ನೆಪದಲ್ಲಿ ಹಿಂದಕ್ಕೆ ಹೋಗುತ್ತೇನೆ. ಮೊನ್ನೆ ಹರಿಹರದಲ್ಲೇ ಒಂದು ಕಡೆ, ತಟ್ಟೆ ತೊಳೆಯುತ್ತಿದ್ದ ಹೆಂಗಸಿನ ಕಡೆಗೆ ನೋಟು ಚಾಚಿದೆ. ಆಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಅನುಮಾನದಿಂದ ನೋಡಿದಳು.

“ಯಾಕ್ರೀ ಇದು?”

“ನಿಮ್ಮ ಪಾಲು.”

“ನನಗೆಂಥಾ ಪಾಲ್ರೀ? ಯಾರು ಹೇಳಿದ್ರು?”

“ಒಬ್ಬ ಸಪ್ಲೈಯರ್” ಅಂದೆ. ಹಾಗೆ ಹೇಳುವಾಗಲೂ ನನ್ನ ಸಿಟ್ಟು ಇಳಿದಿರಲಿಲ್ಲ.