ಮೂವತ್ತಾರು ಎ

ರಸ್ತೆ ಇಲಾಖೆಯ ಮೂರನೇ ಮಹಡಿಯ ಕೊನೆಯ ಕೋಣೆಯಲ್ಲಿ ಎರಡು ಕುರ್ಚಿಗಳಿದ್ದವು. ಒಂದರ ಮೇಲೆ ಕಡತಗಳು ಕೂತಿದ್ದವು, ಇನ್ನೊಂದರ ಮೇಲೆ ನಂಬರಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಅವನ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹೆದ್ದಾರಿಗಳಿಗೆ ನಂಬರ್ ಕೊಡುವ ವಿಭಾಗಕ್ಕೆ ಇಪ್ಪತ್ತೆಂಟು ವರ್ಷದಿಂದ ಅವನೊಬ್ಬನೇ ಗುಮಾಸ್ತ. ಉತ್ತರದಿಂದ ದಕ್ಷಿಣಕ್ಕೆ ಹೋಗುವ ರಸ್ತೆಗೆ ಸಮಸಂಖ್ಯೆ, ಪೂರ್ವದಿಂದ ಪಶ್ಚಿಮಕ್ಕೆ ಹೋದರೆ ಬೆಸ, ಕವಲೊಡೆದರೆ ನಂಬರಿನ ಬಾಲಕ್ಕೊಂದು ಅಕ್ಷರ. ಲೋಕ ನಿಂತಿರುವುದೇ ಇದರ ಮೇಲೆ ಎಂದುಕೊಂಡಿದ್ದ. ಹಾಗೆಂದುಕೊಳ್ಳದವರ ಜೊತೆ ಹೆಚ್ಚು ಮಾತಾಡುತ್ತಿರಲಿಲ್ಲ.

ಮನೆಗೆ ಬಂದ ನೆಂಟರನ್ನು ಪ್ರಯಾಣ ಹೇಗಿತ್ತು ಎಂದು ಅವನು ಕೇಳಿದವನಲ್ಲ. "19ರಲ್ಲಿ ಬಂದ್ರೋ, 119ರಲ್ಲಿ ಬಂದ್ರೋ?" ಎಂದು ಕೇಳುತ್ತಿದ್ದ. ಅವರು ಬಸ್ಸಿನ ನಂಬರ್ ಹೇಳಿಬಿಟ್ಟರೆ ಅವನ ಮುಖ ಹುಳ್ಳಗಾಗುತ್ತಿತ್ತು. ಮದುವೆಯಾದ ಹೊಸತರಲ್ಲಿ, ಎರಡು ಹೆದ್ದಾರಿಗಳು ಒಂದೇ ರಸ್ತೆಯ ಮೇಲೆ ಹನ್ನೆರಡು ಕಿಲೋಮೀಟರ್ ಜೊತೆಯಾಗಿ ಓಡುವ ಜಾಗವನ್ನು ತೋರಿಸಲು ಹೆಂಡತಿಯನ್ನು ಕರೆದುಕೊಂಡು ಹೋಗಿದ್ದ. ಆ ಪ್ರವಾಸವನ್ನು ಅವಳು ಮರೆತಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇಲ್ಲ.

"ನಮ್ಮ ಮದುವೆ ಯಾವ ವರ್ಷ ಅಂದ್ರೆ ತಲೆ ಕೆರ್ಕೋತಾರೆ," ಎಂದು ಪಕ್ಕದ ಮನೆಯವರ ಮುಂದೆ ಹೇಳುತ್ತಿದ್ದಳು. "ಹಳೇ 23 ಯಾವತ್ತು 123 ಆಯ್ತು ಅಂತ ಕೇಳಿ ನೋಡಿ, ವಾರ ಸಮೇತ ಹೇಳ್ತಾರೆ."

ಇಂಥವನಿಗೆ ಒಬ್ಬಳೇ ತಂಗಿ. ಅವಳ ಟೀ ಅಂಗಡಿ 36ನೇ ಹೆದ್ದಾರಿಯಲ್ಲಿ, ಅರವತ್ತನಾಲ್ಕನೇ ಕಿಲೋಮೀಟರ್ ಕಲ್ಲಿನ ಎದುರಿಗಿತ್ತು. ತಗಡಿನ ಚಾವಣಿ, ಎರಡು ಬೆಂಚು, ಗಿರಾಕಿಗಳೆಲ್ಲ ಲಾರಿ ಡ್ರೈವರುಗಳು. ಗಂಡ ತೀರಿಕೊಂಡ ಮೇಲೆ ಅವಳೂ ಅವಳ ಮಗಳೂ ಹೊಟ್ಟೆ ಹೊರೆದದ್ದು ಆ ಅಂಗಡಿಯಿಂದಲೇ. ಐದು ವರ್ಷದ ಹಿಂದೆ ಊರಾಚೆ ಬೈಪಾಸ್ ಬಂತು. 36 ಎಂಬ ನಂಬರು ಗಂಟುಮೂಟೆ ಕಟ್ಟಿಕೊಂಡು ಬೈಪಾಸಿಗೆ ಹೊರಟುಹೋಯಿತು. ಊರೊಳಗಿನ ನಾಲ್ಕು ಕಿಲೋಮೀಟರ್ ಹಳೆಯ ರಸ್ತೆ ಯಾವ ನಂಬರೂ ಇಲ್ಲದೆ ಹಿಂದುಳಿಯಿತು. ನಂಬರಿಲ್ಲದ ರಸ್ತೆ ಇಲಾಖೆಯ ಪ್ರಕಾರ ರಸ್ತೆಯೇ ಅಲ್ಲ, ಉದ್ದನೆಯ ಖಾಲಿ ಜಾಗ. ಅವಳ ಟೀ ರುಚಿ ಹತ್ತಿದ್ದ ಡ್ರೈವರುಗಳು ಮೊದಮೊದಲು ಬೈಪಾಸ್ ಬಿಟ್ಟು ಇತ್ತ ತಿರುಗುತ್ತಿದ್ದರು. ಗುಂಡಿಗಳು ಹೆಚ್ಚಾದಂತೆ ಅವರೂ ಒಬ್ಬೊಬ್ಬರಾಗಿ ಕೈಬಿಟ್ಟರು.

ತಂಗಿ ಅರ್ಜಿ ಕೊಟ್ಟಳು. ಇದು ಹೆದ್ದಾರಿ, ನಮಗಿನ್ನೂ ಹಸ್ತಾಂತರವಾಗಿಲ್ಲ ಎಂದು ಪುರಸಭೆ ಹೇಳಿತು. "ಸದರಿ ರಸ್ತೆಯು ಇಲಾಖೆಯ ಪಟ್ಟಿಯಲ್ಲಿ ಕಂಡುಬಂದಿರುವುದಿಲ್ಲ" ಎಂದು ಇಲಾಖೆ ಬರೆಯಿತು. ಆ ಕಾಗದ ಹಿಡಿದುಕೊಂಡು ಅವಳು ನೇರ ಅಣ್ಣನ ಮನೆಗೆ ಬಂದಳು.

"ಇದು ನೀನು ಬರೆದಿದ್ದಲ್ವಾ ಅಣ್ಣ?"

ನಂಬರಣ್ಣ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. "ಕರಡು ನಂದು. ಸಹಿ ಸಾಹೇಬರದ್ದು."

"ಕಂಡುಬಂದಿಲ್ಲವಂತೆ. ಒಂದ್ಸಲ ಬಂದು ನೋಡು, ಚೆನ್ನಾಗೇ ಕಾಣುತ್ತೆ. ನಿನ್ನೆ ಒಂದು ಸ್ಕೂಟರ್ ಗುಂಡಿಯೊಳಗೇ ಇಳಿದಿತ್ತು." ಅವಳು ದನಿ ಏರಿಸಲಿಲ್ಲ. "ಈ ಬೇಸಿಗೆಯೊಳಗೆ ಟಾರ್ ಬೀಳಲಿಲ್ಲ ಅಂದ್ರೆ ಅಂಗಡಿ ಮುಚ್ಚೋದೇ. ಆಮೇಲೆ ನಾನು, ನನ್ನ ಮಗಳು ಏನು ಮಾಡಬೇಕು, ಅದನ್ನೂ ನಿನ್ನ ಪಟ್ಟಿ ನೋಡಿ ಹೇಳು."

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅವನು ನಂಬರನ್ನು ಬಿಟ್ಟು ರಸ್ತೆಯ ಬಗ್ಗೆ ಯೋಚನೆ ಮಾಡಿದ.

ಇಲಾಖೆಯಲ್ಲಿ ಒಂದು ಪದ್ಧತಿ ಇತ್ತು. ವರ್ಷಕ್ಕೊಮ್ಮೆ ತಪಾಸಣೆಯವರು ಜೀಪಿನಲ್ಲಿ ಹೋಗಿ ಕಲ್ಲುಗಳ ಮೇಲಿರುವ ನಂಬರುಗಳನ್ನು ಬರೆದುಕೊಂಡು ಬರುತ್ತಿದ್ದರು. ಕಲ್ಲಿನಲ್ಲಿದ್ದದ್ದು ರಿಜಿಸ್ಟರಿಗೆ, ರಿಜಿಸ್ಟರಿನಲ್ಲಿದ್ದದ್ದು ಪಟ್ಟಿಗೆ, ಪಟ್ಟಿಯಲ್ಲಿದ್ದದ್ದಕ್ಕೆ ಟಾರು. ಈ ನಂಬರ್ ನಿನಗೆ ಕೊಟ್ಟವರು ಯಾರಪ್ಪಾ ಎಂದು ಯಾವ ಅಧಿಕಾರಿಯೂ ಇದುವರೆಗೆ ಕಲ್ಲನ್ನು ಕೇಳಿರಲಿಲ್ಲ. ಇದನ್ನು ಬಲ್ಲವನು ಇಡೀ ಕಟ್ಟಡದಲ್ಲಿ ನಂಬರಣ್ಣ ಒಬ್ಬನೇ.

ಮುಂದಿನ ಭಾನುವಾರ ಅವನು ಮೂರು ಡಬ್ಬಿ ಬಣ್ಣ, ಎರಡು ಬ್ರಷ್, ಒಂದು ಅಡಿಕೋಲು ಹಿಡಿದು ತಂಗಿಯ ಊರಿಗೆ ಹೋದ. ಬೈಪಾಸ್ ಆದಾಗ ಹಳೆಯ ಕಲ್ಲುಗಳನ್ನು ಕಿತ್ತಿದ್ದರು. ಅಂಗಡಿಯ ಎದುರಿನ ಕಲ್ಲೊಂದು ಉಳಿದಿತ್ತು, ಏಕೆಂದರೆ ಕೀಳಲು ಬಂದವರೇ ಅದರ ಮೇಲೆ ಕೂತು ಟೀ ಕುಡಿದಿದ್ದರು. ಕಲ್ಲಿನ ಮೇಲೆ ಹಳೆಯ 36 ಮಸುಕಾಗಿ ಕಾಣುತ್ತಿತ್ತು.

"ಇದರ ಮೇಲೇ ಕಪ್ಪು ಬಣ್ಣ ತಿದ್ದಿಬಿಡು, ಸಾಕಲ್ವಾ?" ಎಂದಳು ತಂಗಿ.

"ಅದು ಹೇಗಾಗುತ್ತಮ್ಮ? 36 ಈಗ ಬೈಪಾಸ್. ಒಂದೇ ನಂಬರ್ ಎರಡು ರಸ್ತೆಗೆ ಇರಕೂಡದು. ಅದು ಶುದ್ಧ ತಪ್ಪು."

"ಹಾಗಾದ್ರೆ ಈಗ ನೀನು ಮಾಡ್ತಿರೋದು?"

"ಇದು ನಿಯಮದ ಪ್ರಕಾರ," ಎಂದ, ಕಳ್ಳತನದಲ್ಲಿ ಹೆದ್ದಾರಿ ಹುಟ್ಟಿಸಲು ಬಂದಿದ್ದ ಮಹಾನುಭಾವ. ಹಳೆಯ ಅಂಕಿಯನ್ನು ಬಿಳಿ ಬಣ್ಣದಲ್ಲಿ ಮುಚ್ಚಿ, ತಲೆಗೆ ಹಳದಿ ಬಳಿದು, ಅಡಿಕೋಲಿಟ್ಟು ಅಳೆದು ಅಳೆದು 36ಎ ಎಂದು ಬರೆದ. ಆ ಕಲ್ಲನ್ನು ನಾಲ್ಕು ಕಡೆಯಿಂದಲೂ ನೋಡಿದ. ತನ್ನ ಮಗ ಹುಟ್ಟಿದಾಗಲೂ ಅವನು ಇಷ್ಟು ಹೊತ್ತು ನೋಡಿರಲಿಲ್ಲ.

ಎರಡು ತಿಂಗಳಲ್ಲಿ ತಪಾಸಣೆಯ ಜೀಪು ಬಂತು, ಬರೆದುಕೊಂಡಿತು, ಹೋಯಿತು. "36ಎ ನಿಮ್ಮ ರಿಜಿಸ್ಟರಿನಲ್ಲಿ ಏಕಿಲ್ಲ?" ಎಂದು ನಂಬರಣ್ಣನಿಗೆ ಖಾರವಾದ ಒಂದು ಪತ್ರ ಬಂತು. ಲೋಪಕ್ಕೆ ವಿಷಾದಿಸುತ್ತೇನೆ ಎಂದು ಅವನು ಉತ್ತರ ಬರೆದ. ಈ ನಂಬರಿಗೆ ಮಂಜೂರಾತಿ ಕೊಟ್ಟ ಕಡತ ಎಲ್ಲಿ ಎಂಬ ಪ್ರಶ್ನೆ ಎದ್ದು ಒಂದು ಸಭೆ ಸೇರಿತು. ಕಡತ ತನಗೆ ಗೊತ್ತಿಲ್ಲ ಎಂದರೆ ತಾನು ಕೆಲಸ ಮಾಡಿಲ್ಲ ಎಂದ ಹಾಗಾಗುತ್ತದಲ್ಲ. ಅದಕ್ಕೇ ಸಾಹೇಬರು ಗಂಟಲು ಸರಿಮಾಡಿಕೊಂಡು, "ಆ ಫೈಲ್ ನನಗೆ ಚೆನ್ನಾಗಿ ನೆನಪಿದೆ, ನಾನೇ ಸಹಿ ಹಾಕಿದ್ದು," ಎಂದರು. ಇಬ್ಬರು ಇಂಜಿನಿಯರುಗಳಿಗೆ ತಾವು ಸ್ಥಳ ಪರಿಶೀಲನೆ ಮಾಡಿದ್ದೂ ನೆನಪಾಯಿತು. ಕಳೆದುಹೋದ ಕಡತದ ಬದಲು ಹೊಸದೊಂದನ್ನು ಹಿಂದಿನ ತಾರೀಖು ಹಾಕಿ ತಯಾರು ಮಾಡುವ ಕೆಲಸ ನಂಬರಣ್ಣನಿಗೇ ಬಿತ್ತು.

ಬೇಸಿಗೆ ಮುಗಿಯುವ ಮೊದಲೇ ಟಾರು ಬಿತ್ತು. ಲಾರಿಗಳು ತಿರುಗಿ ಬಂದವು. ತಂಗಿ ಮೂರನೇ ಬೆಂಚು ಹಾಕಿಸಿದಳು. ನಂಬರಣ್ಣ ಇಲಾಖೆಯ ಕಾರಿಡಾರಿನಲ್ಲಿ ಎದೆ ಉಬ್ಬಿಸಿ ನಡೆಯತೊಡಗಿದ.

ಎದೆ ಇಳಿದದ್ದು ಒಂದು ಬುಧವಾರ. ಒತ್ತುವರಿ ತೆರವು ವಿಭಾಗಕ್ಕೂ ಹೊಸ ಪಟ್ಟಿ ಹೋಗಿತ್ತು. ಹೆದ್ದಾರಿಯ ನಡುವಿನಿಂದ ಇಪ್ಪತ್ತು ಮೀಟರಿನೊಳಗೆ ಯಾವ ಕಟ್ಟಡವೂ ಇರಕೂಡದು. ತಂಗಿಯ ಅಂಗಡಿ ಇದ್ದದ್ದು ಹನ್ನೊಂದು ಮೀಟರಿನಲ್ಲಿ. ಹಿಂದೆ ಆ ಸಾಲಿನ ಅಂಗಡಿಗಳಿಗೆಲ್ಲ ವಿನಾಯಿತಿ ಇತ್ತು, ಆದರೆ ವಿನಾಯಿತಿ ಇದ್ದದ್ದು 36ರ ಹೆಸರಿನಲ್ಲಿ. 36ಎಗೆ ವಿನಾಯಿತಿ ಪಟ್ಟಿಯೇ ಇರಲಿಲ್ಲ. ಹದಿನೈದು ದಿನದೊಳಗೆ ಅಂಗಡಿ ತೆರವುಗೊಳಿಸತಕ್ಕದ್ದು ಎಂಬ ನೋಟಿಸು, ನಂಬರ್ ಸರಿಯಿದೆಯೇ ನೋಡಲು ಅವನ ಮೇಜಿಗೇ ಬಂತು. ನಂಬರ್ ಸರಿಯಾಗಿತ್ತು. ಹಳೆಯ 36ರ ಮೇಲೇ ತಿದ್ದಿದ್ದರೆ ಅಂಗಡಿ ಉಳಿಯುತ್ತಿತ್ತು ಎಂಬುದು ಅವನಿಗೆ ಆಗ ಹೊಳೆಯಿತು.

ಅವನು ಹೇಡಿಯಲ್ಲ. ಆ ಮಧ್ಯಾಹ್ನವೇ ಎರಡು ಪುಟದ ತಪ್ಪೊಪ್ಪಿಗೆ ಬರೆದು ಸಾಹೇಬರ ಮುಂದಿಟ್ಟ. 36ಎ ಎಂಬ ಹೆದ್ದಾರಿಯೇ ಇಲ್ಲ, ಅದು ನನ್ನ ಕೈಬರಹ, ಕೆಲಸದಿಂದ ತೆಗೆಯಿರಿ, ಪಿಂಚಣಿ ಬೇಡ, ನೋಟಿಸು ರದ್ದು ಮಾಡಿ.

ಸಾಹೇಬರು ಪೂರ್ತಿ ಓದಿ ಕನ್ನಡಕ ತೆಗೆದರು. "ನಾನು ಸಹಿ ಮಾಡಿದ ಹೆದ್ದಾರಿ ಇಲ್ಲವೇ ಇಲ್ಲ ಅಂತೀರಾ?"

"ನೀವು ಸಹಿ ಮಾಡಿಲ್ಲ ಸಾರ್. ನಾನೇ ಬ್ರಷ್ ಹಿಡಿದು ಬರೆದದ್ದು. ನನ್ನ ತಂಗಿ ನೋಡಿದಾಳೆ."

"ಅಂಗಡಿ ಯಾರದ್ದು?"

"ತಂಗೀದೇ."

"ಮತ್ತೆ? ಅವರು ಹಾಗೇ ಹೇಳ್ತಾರೆ ಬಿಡಿ." ಸಾಹೇಬರ ದನಿ ಮೃದುವಾಯಿತು. "ನಿಮ್ಮ ಸಂಕಟ ಅರ್ಥವಾಗುತ್ತೆ ಕಣ್ರೀ. ಆದ್ರೆ ತಂಗಿಗೋಸ್ಕರ ಇರೋ ರಸ್ತೆನ ಇಲ್ಲ ಅಂತ ಸುಳ್ಳು ಹೇಳಬಾರದು. ಕಡತ ಕಣ್ಣೆದುರಿಗಿದೆ, ನೀವೇ ತಯಾರು ಮಾಡಿದ್ದು. ವಿನಾಯಿತಿಗೆ ಅರ್ಜಿ ಹಾಕಿಸಿ, ಎರಡು ವರ್ಷದಲ್ಲಿ ಬರಬಹುದು. ನಾಲ್ಕು ದಿನ ರಜೆ ಹಾಕಿ ಮನೇಲಿರಿ."

ಅವರು ತಪ್ಪೊಪ್ಪಿಗೆಯನ್ನು ಮಡಚಿ ಅವನ ಜೇಬಿಗೆ ತಾವೇ ಇಟ್ಟರು. ಜೀವಮಾನದಲ್ಲಿ ಅವನು ಮಾಡಿದ್ದು ಒಂದೇ ಒಂದು ಮೋಸ, ಅದನ್ನು ಅವನದೆಂದು ಒಪ್ಪಲು ಇಲಾಖೆಯಲ್ಲಿ ಒಬ್ಬನೂ ತಯಾರಿರಲಿಲ್ಲ.

ಹದಿನಾರನೆಯ ದಿನ ಕೂಲಿಯವರು ಬಂದರು. ನಂಬರಣ್ಣ ಮತ್ತೆ ರಜೆ ಹಾಕಿ ಅಲ್ಲಿಗೇ ಹೋಗಿ ತಗಡು ಇಳಿಸಲು ಕೈ ಕೊಟ್ಟ. ತಂಗಿ ಒಲೆ ಕೊನೆಗೆ ಎತ್ತಿಡೋಣ ಎಂದು ಕೂಲಿಯವರಿಗೆಲ್ಲ ಟೀ ಮಾಡಿದಳು. ಹಿರಿಯ ಕೂಲಿಯವನೊಬ್ಬ ಲೋಟ ಹಿಡಿದು ರಸ್ತೆಯ ಉದ್ದಕ್ಕೂ ಕಣ್ಣಾಡಿಸಿದ.

"ರಸ್ತೆ ಒಳ್ಳೇ ಗಟ್ಟಿಯಾಗಿದೆ ಕಣಮ್ಮ. ಯಾರು ಮಾಡಿಸಿದ್ದು?"

"ನಮ್ಮಣ್ಣ," ಎಂದಳು ತಂಗಿ, ತಗಡಿನ ಇನ್ನೊಂದು ತುದಿ ಹಿಡಿದು ನಿಂತಿದ್ದವನನ್ನು ತೋರಿಸುತ್ತಾ. "ಅವನು ಓಡಾಡದೆ ಇದ್ದಿದ್ರೆ ಈ ರಸ್ತೆ ಆಗ್ತಾನೇ ಇರಲಿಲ್ಲ."

ಅವಳ ಮಾತಿನಲ್ಲಿ ಒಂದಿಷ್ಟಾದರೂ ಕೊಂಕಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ.