ಜಗಲಿಯ ಮೇಲೆ ಕಾಯಿಸಿದ ಹಾಲು

ನಾನು ಮದುವೆಯಾಗಿ ಮಾಯಸಂದ್ರದ ಹತ್ತಿರದ ಆ ಊರಿಗೆ ಬಂದದ್ದು ಎಂಬತ್ತರ ದಶಕದ ಮೊದಮೊದಲಲ್ಲಿ. ಊರಿನ ಹಾಲಿನ ಡೇರಿ ಆಗಿನ್ನೂ ಹೊಸದು. ಬೆಳಿಗ್ಗೆ ಅಲ್ಲಿ ಹಾಲು ಹಾಕುವುದು ಅತ್ತೆಯ ಕೆಲಸ. ಅವರ ಹಿಂದೆ ಹೋಗಿ, ಅಲ್ಲಿಗೆ ಬಂದವರ ಮುಖವನ್ನೆಲ್ಲ ನೋಡುವುದು ನನ್ನ ಚಪಲ.

ಇದ್ದಕ್ಕಿದ್ದಂತೆ ಊರಿನ ಹಾಲಿನ ಕ್ಯಾನುಗಳು ಪೇಟೆಯಿಂದ ವಾಪಸು ಬರತೊಡಗಿದವು. ಕಾಯಿಸಿದರೆ ಹಾಲು ಒಡೆಯುತ್ತಿದೆಯಂತೆ. ಬರೀ ನೀರು ಬೆರೆಸಿದ್ದರೆ ಡೇರಿಯ ಮಾಪಕದಲ್ಲೇ ಗೊತ್ತಾಗುತ್ತಿತ್ತು. ಅದರ ಕಣ್ಣಿಗೆ ಮಣ್ಣೆರಚಲು ಯಾರೋ ತೆಂಗಿನಕಾಯಿಯ ನೀರು ಬೆರೆಸುತ್ತಿದ್ದಾರೆಂದು ಗುಸುಗುಸು ಎದ್ದಿತು. ನಮ್ಮ ಕಡೆ ಹಸಿ ಕಾಯಿ ಒಡೆಯುವುದು ಕಡಿಮೆ. ಅಟ್ಟಕ್ಕೇರಿಸಿದ ಕಾಯಿಯನ್ನು ಒಳಗಿನ ನೀರು ಇಂಗಿ ಕೊಬ್ಬರಿಯಾಗುವ ತನಕ ಮುಟ್ಟುವುದಿಲ್ಲ. ದಿನವೂ ಕುಕ್ಕೆಗಟ್ಟಲೆ ಒಡೆಯುತ್ತಿದ್ದುದು ನಮ್ಮ ಮನೆಯಲ್ಲಿ ಮಾತ್ರ, ಬಸ್ ಸ್ಟ್ಯಾಂಡಿನ ನಮ್ಮ ಹೋಟೆಲಿನ ಚಟ್ನಿಗೆ. ಹಾಗಾಗಿ ಎಲ್ಲರ ಅನುಮಾನ ಅತ್ತೆಯ ಮೇಲೆ. ಆ ನೀರನ್ನೆಲ್ಲ ಅತ್ತೆ ಹಸುವಿನ ಕಲಗಚ್ಚಿಗೆ ಸುರಿಯುತ್ತಿದ್ದರು. ಅದನ್ನು ಕಣ್ಣಾರೆ ಕಂಡವಳು ನಾನು. ಆದರೆ ನಿನ್ನೆ ಮೊನ್ನೆ ಬಂದ ಸೊಸೆಯ ಮಾತನ್ನು ಯಾರು ನಂಬುತ್ತಾರೆ?

ಒಂದು ಬೆಳಿಗ್ಗೆ ಅತ್ತೆ ಪಾತ್ರೆ ಚಾಚಿದಾಗ ಹೆಂಗಸರು ದೂರ ಸರಿದು ನಿಂತರು. ಅತ್ತೆಗೆ ಕೋಪ ನೆತ್ತಿಗೇರಿತು. ಡೇರಿ ನೋಡಿಕೊಳ್ಳುವ ಹುಡುಗನನ್ನು ಒಳಗಿಂದ ಕರೆದರು.

"ಒಳಗ್ ಕುಂತ್ಕೊಂಡು ಅದೇನ್ ಪರೀಕ್ಷೆ ಮಾಡ್ತೀಯಲಾ? ಸ್ಟವ್ ತಂದು ಜಗಲಿ ಮ್ಯಾಲಿಕ್ಕು. ಎಲ್ಲಾರ ಹಾಲ್ನೂ ಎಲ್ಲಾರ ಮುಂದೇನೇ ಕಾಯ್ಸು."

"ನಾಳೆಯಿಂದ ಅಂಗೇ ಮಾಡಾನ ಬುಡು ದೊಡ್ಡಮ್ಮ," ಎಂದು ಅವನು ಎಲ್ಲರಿಗೂ ಕೇಳುವಂತೆ ಹೇಳಿದ.

ಮಾರನೆಯ ದಿನ ಊರಿಗೆ ಊರೇ ಜಗಲಿಯ ಮುಂದಿತ್ತು. ಹುಡುಗ ಒಬ್ಬೊಬ್ಬರ ಹಾಲಿನಿಂದ ಒಂದೊಂದು ಸೌಟು ತೆಗೆದು ಕಾಯಿಸಿದ. ಎಲ್ಲರೂ ಹಾಲು ನೋಡುತ್ತಿದ್ದರೆ ನಾನು ಮುಖಗಳನ್ನು ನೋಡುತ್ತಿದ್ದೆ. ಕಳ್ಳತನ ಮಾಡಿದ ಮುಖ ಹೇಗಿರುತ್ತದೆಂದು ತಿಳಿಯುವ ಆಸೆ ನನಗೆ. ಎಲ್ಲವೂ ನಮ್ಮ ಮುಖದಂತೆಯೇ ಇದ್ದವು. ಅತ್ತೆಯ ಹಾಲು ಉಕ್ಕಿ ಬಂತು, ಒಡೆಯಲಿಲ್ಲ. ಬೇರೆ ಯಾರದೂ ಒಡೆಯಲಿಲ್ಲ. ಆಮೇಲಿನ ದಿನಗಳಲ್ಲೂ ಒಡೆಯಲಿಲ್ಲ. ಕ್ಯಾನು ವಾಪಸು ಬರುವುದು ನಿಂತುಹೋಯಿತು. ಹಾಗೆ ಸುಮ್ಮನೆ ಎದುರಿಗೆ ನಿಂತು ನೋಡಿದ್ದಕ್ಕೇ ಕಳ್ಳತನ ನಿಂತಿತಲ್ಲ ಎಂದು ನನಗೆ ಬಲು ಸೋಜಿಗವಾಗಿತ್ತು. ಒಂದು ದಿನ ಡೇರಿಯ ಹುಡುಗ ಎಲ್ಲರೆದುರು ಅತ್ತೆಯ ಉಪಾಯವನ್ನು ಬಾಯ್ತುಂಬ ಹೊಗಳಿದ.

ಅತ್ತೆ ಮಾತ್ರ ನಗಲಿಲ್ಲ. ಮನೆಯ ದಾರಿಯಲ್ಲಿ, "ಊರೆಲ್ಲ ನಿಮ್ಮನ್ನೇ ಹೊಗಳ್ತಿದೆ, ಯಾಕತ್ತೆ ಸಪ್ಪಗಿದ್ದೀರಿ?" ಎಂದು ಕೇಳಿದೆ.

"ಯಾರ್ದಾದ್ರೂ ಒಂದಿನ ಒಡೀಬೇಕಿತ್ತು ಕಣೇ," ಎಂದರು. "ಈಗ ಸಿಕ್ಕಾಕೊಂತೀನಿ ಅಂತ ಹೆದ್ರಿ ನಾನೇ ಬೆರ್ಸೋದ್ ಬುಟ್ಬುಟ್ಟೆ ಅಂದ್ಕೋತಾರೆ."